ಮೇಲ್ವಿಚಾರಕರ ಕೆಲಸ, ಮೇಲ್ವಿಚಾರಕರ ಬರವಣಿಗೆ

(ನಾಯಕತ್ವ ಮತ್ತು ನಿರ್ವಹಣೆಯ ವೃತ್ತಿಪರ ಅರ್ಹತೆಗಾಗಿ ಓದುತ್ತಿರುವ ಮೇಲ್ವಿಚಾರಕರ ಮುಂದೆ ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಈ ಸಭೆಯಲ್ಲಿ ಅಕ್ಕಿ ಗಿರಣಿಯ ಪಾಳಿಗಳನ್ನು ನೋಡಿಕೊಳ್ಳುವವರಿದ್ದೀರಿ, ಆಸ್ಪತ್ರೆಯ ವಾರ್ಡುಗಳ ಹೊಣೆ ಹೊತ್ತ ಸಿಸ್ಟರುಗಳಿದ್ದೀರಿ, ಗಾರ್ಮೆಂಟ್ಸ್ ಘಟಕಗಳ ಲೈನ್ ಸೂಪರ್‌ವೈಸರುಗಳಿದ್ದೀರಿ, ಬಸ್ ಡಿಪೋದಿಂದಲೂ ಎಪಿಎಂಸಿ ಗೋದಾಮುಗಳಿಂದಲೂ ಬಂದವರಿದ್ದೀರಿ. ನಿಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಎಂಟು ಹತ್ತು ಗಂಟೆ ಜನರನ್ನು ಕೆಲಸಕ್ಕೆ ಹಚ್ಚಿ, ಜಗಳ ಬಿಡಿಸಿ, ಸರಕು ಸಾಗಿಸಿ, ಲೆಕ್ಕ ಒಪ್ಪಿಸಿ ಮನೆಗೆ ಹೋಗುವವರು. ಆಮೇಲೆ ರಾತ್ರಿ ಕುಳಿತು ‘ನಿಮ್ಮ ಕಾರ್ಯಸ್ಥಳದ ಒಂದು ಸಮಸ್ಯೆಯನ್ನು ವಿಶ್ಲೇಷಿಸಿ’ ಎಂಬ ಪ್ರಶ್ನೆಯನ್ನು ಓದಿದಾಗ, ದಿನವಿಡೀ ಬಿಡಿಸಿದ ಸಮಸ್ಯೆಗಳಲ್ಲಿ ಒಂದೂ ನೆನಪಿಗೆ ಬಾರದೆ, ಪುಸ್ತಕದಲ್ಲಿ ಓದಿದ ನಾಯಕತ್ವದ ಲಕ್ಷಣಗಳನ್ನು ಬರೆಯತೊಡಗುತ್ತೀರಿ. ಇಂಥ ಬರಹಗಳನ್ನು ಓದುತ್ತ, ತಿದ್ದುತ್ತ ಬಂದಿರುವ ನನಗೆ ಅತ್ಯಂತ ಬೇಸರ ತರುವ ಸಂಗತಿ ಇದೇ. ಅರ್ಹತೆಗಾಗಿ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೆ ಬೇಕಾದ ವಿಷಯ ನಿಮ್ಮ ಕೈಯಲ್ಲೇ ಇದೆ. ಅದು ಕಾಗದಕ್ಕೆ ಇಳಿಯುವ ದಾರಿ ಮಾತ್ರ ಗೊತ್ತಿಲ್ಲ. ಆ ದಾರಿಯ ಬಗ್ಗೆ ಇಂದು ಮಾತನಾಡುತ್ತೇನೆ.

ಈ ಊರಿಗೆ ನಿರ್ವಹಣೆಯ ವಿದ್ಯೆ ಹೊಸದಲ್ಲ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರಿಂದ ಕೆಲಸ ಮಾಡಿಸುತ್ತಿದ್ದ ಜಾಬರುಗಳಿಗೆ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದಾಗ ಅಲ್ಲಿದ್ದ ಫೋರ್‌ಮನ್‌ಗಳಿಗೆ, ಯಾವ ಕೆಲಸಕ್ಕೆ ಯಾರನ್ನು ಹಾಕಬೇಕು, ಯಾರಿಗೆ ಎಷ್ಟು ಹೇಳಿದರೆ ಸಾಕು, ಯಾವಾಗ ಸುಮ್ಮನಿರಬೇಕು ಎಂಬುದು ಚೆನ್ನಾಗಿ ತಿಳಿದಿತ್ತು. ಆದರೆ ಆ ತಿಳಿವಳಿಕೆಯನ್ನು ಯಾರೂ ಬರೆಸಿಕೊಳ್ಳಲಿಲ್ಲ, ಅದಕ್ಕೆ ಪ್ರಮಾಣಪತ್ರವನ್ನೂ ಕೊಡಲಿಲ್ಲ. ಗಿರಣಿ ಮುಚ್ಚಿದ ದಿನ ಅವರ ಅನುಭವಕ್ಕೆ ಹೊರಗೆ ಬೆಲೆ ಸಿಗದೆ ಹೋಯಿತು. ಕೆಲಸವನ್ನೇ ಆಧರಿಸಿದ ಅರ್ಹತೆಗಳು ಮುಖ್ಯವೆಂದು ನಾನು ನಂಬುವುದು ಈ ಕಾರಣಕ್ಕೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ವಿದೇಶದ ಆಸ್ಪತ್ರೆಗಳಲ್ಲಿ, ಕೊಲ್ಲಿ ದೇಶಗಳ ಕಂಪನಿಗಳಲ್ಲಿ ಕೆಲಸ ನೋಡುತ್ತಿರುವವರು ಸಾಮಾನ್ಯವಾಗಿ ಬ್ರಿಟನ್ನಿನ ಐಎಲ್‌ಎಂ (ಇನ್‌ಸ್ಟಿಟ್ಯೂಟ್ ಆಫ್ ಲೀಡರ್‌ಶಿಪ್ ಅಂಡ್ ಮ್ಯಾನೇಜ್‌ಮೆಂಟ್) ಅಥವಾ ಸಿಎಂಐ (ಚಾರ್ಟರ್ಡ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ನೀಡುವ ಅರ್ಹತೆಗಳ ಹೆಸರು ಕೇಳಿರುತ್ತೀರಿ. ಸಿಎಂಐ 1947ರಲ್ಲಿ ಬೇರೊಂದು ಹೆಸರಿನಲ್ಲಿ ಹುಟ್ಟಿ, 2002ರಲ್ಲಿ ರಾಜ ಸನ್ನದು ಪಡೆದ ಸಂಸ್ಥೆ. ಇಂಗ್ಲೆಂಡಿನ ಅರ್ಹತೆಗಳ ಚೌಕಟ್ಟಿನಲ್ಲಿ ಪ್ರವೇಶ ಮಟ್ಟದ ಮೇಲೆ ಎಂಟು ಹಂತಗಳಿವೆ. ತಂಡದ ಮೇಲ್ವಿಚಾರಕರಿಗೆ ಸಾಮಾನ್ಯವಾಗಿ ಮೂರನೆಯದು, ವಿಭಾಗದ ವ್ಯವಸ್ಥಾಪಕರಿಗೆ ಐದನೆಯದು ಹೊಂದುತ್ತದೆ, ಏಳನೆಯದು ಸ್ನಾತಕೋತ್ತರ ಮಟ್ಟದ್ದು. ಅಲ್ಲಿ ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಗಳ ಒಟ್ಟು ಕಲಿಕೆ, ಎಂದರೆ ಪಾಠ, ಸ್ವಂತ ಓದು, ಬರವಣಿಗೆ ಎಲ್ಲವೂ ಸೇರಿ. ನಮ್ಮಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 2013ರ ಡಿಸೆಂಬರ್ 27ರಂದು ಅಧಿಸೂಚಿತವಾಯಿತು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷದ 1,200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್, ಅಂದರೆ ಒಂದು ಕ್ರೆಡಿಟ್ಟಿಗೆ 30 ಗಂಟೆ. ಎರಡು ದೇಶಗಳ ಕ್ರೆಡಿಟ್ಟುಗಳನ್ನು ಒಂದೇ ಅಳತೆಯೆಂದು ಭಾವಿಸಿ ‘ಅಲ್ಲಿಯದಕ್ಕೇ ಹೆಚ್ಚು ಕ್ರೆಡಿಟ್’ ಎಂದು ಹೋಲಿಸಬೇಡಿ. 2013ರ ಚೌಕಟ್ಟು ಪ್ರತಿ ಹಂತವನ್ನೂ ಐದು ದೃಷ್ಟಿಗಳಿಂದ ವಿವರಿಸಿತ್ತು, ಆ ಐದರಲ್ಲಿ ಕೊನೆಯದು ಹೊಣೆಗಾರಿಕೆ. ನೀವು ಏನನ್ನು ಓದಿದ್ದೀರಿ ಎಂಬುದರಷ್ಟೇ, ಯಾವುದಕ್ಕೆ ಉತ್ತರದಾಯಿಗಳು ಎಂಬುದನ್ನೂ ಇಂಥ ಅರ್ಹತೆಗಳು ತೂಗಿ ನೋಡುತ್ತವೆ.

ಇನ್ನು ಪ್ರಶ್ನೆಪತ್ರ. ಅಸೈನ್‌ಮೆಂಟಿನ ಸೂಚನಾಪತ್ರದಲ್ಲಿ ಕಲಿಕಾ ಫಲಿತಗಳೆಂದೂ (ಕಲಿತ ಮೇಲೆ ನಿಮಗೆ ಏನು ಬರಬೇಕು ಎಂಬುದು) ಅವುಗಳ ಕೆಳಗೆ ಮೌಲ್ಯಮಾಪನದ ಮಾನದಂಡಗಳೆಂದೂ ಕೊಟ್ಟಿರುತ್ತಾರೆ. ಮೌಲ್ಯಮಾಪಕರು ನಿಮ್ಮ ಬರಹವನ್ನು ಓದುವುದು ಆ ಮಾನದಂಡಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ. ಹತ್ತು ಪುಟ ಸೊಗಸಾಗಿ ಬರೆದು ಒಂದು ಮಾನದಂಡವನ್ನು ಮುಟ್ಟದೆ ಬಿಟ್ಟರೆ ಬರಹ ಮರುಸಲ್ಲಿಕೆಗೆ ವಾಪಸು ಬರುತ್ತದೆ. ಪ್ರತಿ ಮಾನದಂಡದ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ‘ವಿವರಿಸಿ’ ಎಂದರೆ ಹೇಗಿದೆ, ಏಕೆ ಹಾಗಿದೆ ಎಂದು ತಿಳಿಸುವುದು. ‘ವಿಶ್ಲೇಷಿಸಿ’ ಎಂದರೆ ಬಿಡಿಬಿಡಿಯಾಗಿ ಒಡೆದು ಒಂದಕ್ಕೊಂದರ ಸಂಬಂಧ ತೋರಿಸುವುದು. ‘ಮೌಲ್ಯಮಾಪನ ಮಾಡಿ’ ಎಂದರೆ ಬಲ, ಮಿತಿ ಎರಡನ್ನೂ ತೂಗಿ ನಿಮ್ಮ ತೀರ್ಮಾನವನ್ನು ಕಾರಣದೊಂದಿಗೆ ಕೊಡುವುದು. ತೀರ್ಮಾನ ಕೊಡಲು ನಮ್ಮವರು ತುಂಬ ಹಿಂಜರಿಯುತ್ತಾರೆ. ದೊಡ್ಡವರ ಸಿದ್ಧಾಂತದ ಬಗ್ಗೆ ನಾನು ಏನು ಹೇಳಲಿ ಎಂಬ ಸಂಕೋಚ ಅದು. ಆ ಸಂಕೋಚಕ್ಕೆ ಇಲ್ಲಿ ಅಂಕಗಳಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಇಡುತ್ತೇನೆ. ಐಎಲ್‌ಎಂ ಮೂರನೆಯ ಹಂತದಲ್ಲಿ ಸಮಸ್ಯೆಗಳನ್ನು ಬಿಡಿಸಿ ನಿರ್ಣಯ ಕೈಗೊಳ್ಳುವುದರ ಬಗ್ಗೆ ಒಂದು ಘಟಕ, ಅಂದರೆ ಪಠ್ಯಭಾಗ, ಇದೆ. ಈ ಘಟಕದ ಅಸೈನ್‌ಮೆಂಟ್ ಬರೆಯಬೇಕಾದ ಒಬ್ಬ ಗೋದಾಮು ಮೇಲ್ವಿಚಾರಕನನ್ನು ಊಹಿಸಿಕೊಳ್ಳೋಣ. ಸುಗ್ಗಿ ಶುರುವಾಗಿದೆ, ಜಗಳೂರು, ಚನ್ನಗಿರಿ ಕಡೆಯಿಂದ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿವೆ. ಮೊದಲ ಕರಡಿನಲ್ಲಿ ಆತ ಆರಿಸಿಕೊಳ್ಳುವ ಸಮಸ್ಯೆ ‘ದಾವಣಗೆರೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಬೆಲೆ ಕುಸಿತ’ ಎಂದಿರುತ್ತದೆ. ವಿಷಯ ದೊಡ್ಡದು, ನೋವಿನದೂ ಹೌದು, ಆದರೆ ಅದನ್ನು ಬಗೆಹರಿಸುವ ಅಧಿಕಾರ ಆತನಿಗಿಲ್ಲ. ಆತನ ಕೈಯಲ್ಲಿರುವುದು ಗೇಟು, ತೂಕದ ವೇಬ್ರಿಡ್ಜ್, ತೇವಾಂಶ ನೋಡುವ ಮೇಜು, ಹಮಾಲರ ಒಂದು ತಂಡ, ಇಬ್ಬರು ಗುಮಾಸ್ತರು. ಸಮಸ್ಯೆಯನ್ನು ಅಲ್ಲಿಂದಲೇ ಆರಿಸಬೇಕು. ಸರದಿ ಏಕೆ ನಿಲ್ಲುತ್ತಿದೆ?

ಟೊಯೊಟಾದವರು ರೂಢಿಗೆ ತಂದ ‘ಐದು ಬಾರಿ ಏಕೆ’ ಎಂಬ ಸರಳ ವಿಧಾನವನ್ನು ಇಲ್ಲಿ ಹಾಕಿ ನೋಡಿ. ಸರದಿ ನಿಲ್ಲುವುದೇಕೆ? ಒಂದೇ ಲೋಡಿನ ತೇವಾಂಶವನ್ನು ಎರಡು ಮೂರು ಬಾರಿ ನೋಡಬೇಕಾಗುತ್ತಿದೆ. ಏಕೆ? ಮೊದಲ ಬಾರಿ ಬಂದ ಅಂಕಿಯನ್ನು ರೈತ ಒಪ್ಪುತ್ತಿಲ್ಲ. ಏಕೆ? ಮುಂಚೆ ಬೇರೆ ಅಂಗಡಿಯಲ್ಲಿ ನೋಡಿಸಿದ ಅಂಕಿಗೂ ಇಲ್ಲಿಯದಕ್ಕೂ ತಾಳೆಯಾಗುತ್ತಿಲ್ಲ. ಏಕೆ? ಚೀಲದ ಬಾಯಿಂದ ಒಂದು ಹಿಡಿ ತೆಗೆದು ಮಾಪಕಕ್ಕೆ ಹಾಕುತ್ತಾರೆ, ಚೀಲದ ತಳದ ಕಾಳು ಅಷ್ಟು ಒಣಗಿರುವುದಿಲ್ಲ, ಮಾಪಕವನ್ನೂ ಬೆಳಿಗ್ಗೆ ಯಾರೂ ಪರೀಕ್ಷಿಸಿರುವುದಿಲ್ಲ. ಏಕೆ? ಮಾದರಿ ತೆಗೆಯುವ ಕ್ರಮವನ್ನು ಯಾರೂ ಬರೆದಿಟ್ಟಿಲ್ಲ, ಆ ಕೆಲಸ ಯಾರ ಹೊಣೆ ಎಂದೂ ಹೇಳಿಲ್ಲ. ಐದನೆಯ ಉತ್ತರಕ್ಕೆ ಬಂದಾಗ ನಾವು ನೇರವಾಗಿ ಮೇಲ್ವಿಚಾರಕನ ಅಧಿಕಾರದೊಳಗೆ ಬಂದು ನಿಂತಿದ್ದೇವೆ. ಬೆಂಬಲ ಬೆಲೆಯ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶ ಶೇಕಡ 14ನ್ನು ಮೀರಬಾರದು. ಆ ಗೆರೆಯ ಆಚೆ ಈಚೆ ಒಂದೊಂದು ಅಂಕಿಗೂ ರೈತನ ದುಡ್ಡು ತಳುಕು ಹಾಕಿಕೊಂಡಿರುವಾಗ, ಆತ ಜಗಳಕ್ಕೆ ನಿಲ್ಲುವುದು ಸಹಜವೆಂಬ ಮಾತನ್ನು ಅಸೈನ್‌ಮೆಂಟಿನಲ್ಲಿ ಬರೆಯಲೇಬೇಕು. ‘ರೈತರಿಗೆ ತಿಳಿವಳಿಕೆ ಇಲ್ಲ’ ಎಂದು ಒಂದು ಸಾಲಿನಲ್ಲಿ ಮುಗಿಸಿದರೆ ಅದು ವಿಶ್ಲೇಷಣೆಯಾಗುವುದಿಲ್ಲ, ಮೇಲಾಗಿ ಅನ್ಯಾಯದ ಮಾತೂ ಆಗುತ್ತದೆ.

ಇಷ್ಟಾದ ಮೇಲೆ ಪುರಾವೆಯ ಪ್ರಶ್ನೆ. ‘ಸರದಿ ತುಂಬ ಇರುತ್ತದೆ’ ಎಂಬ ಮಾತಿಗೆ ಬೆಲೆ ಕಡಿಮೆ. ಗೇಟ್ ರಿಜಿಸ್ಟರಿನಲ್ಲಿ ಗಾಡಿ ಒಳಬಂದ ವೇಳೆ ಇರುತ್ತದೆ, ವೇಬ್ರಿಡ್ಜಿನ ಚೀಟಿಯಲ್ಲಿ ತೂಕವಾದ ವೇಳೆ ಅಚ್ಚಾಗಿರುತ್ತದೆ. ಇವೆರಡರ ನಡುವಿನ ಅಂತರವೇ ಗಾಡಿ ಕಾದ ಹೊತ್ತು. ಒಂದು ವಾರದ ಪುಟಗಳನ್ನು ತೆಗೆದು ಈ ಅಂತರವನ್ನು ಒಂದು ಹಾಳೆಯಲ್ಲಿ ಬರೆಯಿರಿ, ಪಕ್ಕದಲ್ಲಿ ಎರಡನೆಯ ಬಾರಿ ತೇವಾಂಶ ನೋಡಿದ ಗಾಡಿಗಳಿಗೆ ಒಂದು ಗುರುತು ಹಾಕಿ. ಕಾದ ಹೊತ್ತಿಗೂ ಮರುಪರೀಕ್ಷೆಗೂ ಸಂಬಂಧವಿದೆಯೋ ಇಲ್ಲವೋ ಎಂಬುದು ಆ ಹಾಳೆಯಲ್ಲೇ ಕಾಣುತ್ತದೆ. ಇಲ್ಲವೆಂದು ಕಂಡರೆ ಅದನ್ನೂ ಬರೆಯಿರಿ, ಆಗ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ನಿಮ್ಮ ಊಹೆ ಸುಳ್ಳಾಯಿತೆಂದು ಅಂಕ ಕಳೆಯುವ ಮೌಲ್ಯಮಾಪಕರಿಲ್ಲ. ಊಹೆಗೆ ತಕ್ಕಂತೆ ಅಂಕಿಗಳನ್ನು ಬಾಗಿಸಿದ್ದು ಮಾತ್ರ ಮೌಲ್ಯಮಾಪಕರೊಂದಿಗಿನ ಮೌಖಿಕ ಚರ್ಚೆಯ ಎರಡನೆಯ ಪ್ರಶ್ನೆಗೇ ಹೊರಬೀಳುತ್ತದೆ.

ವೃತ್ತಿಪರ ಮೌಲ್ಯಮಾಪನದಲ್ಲಿ ಪುರಾವೆಯನ್ನು ಐದು ಗುಣಗಳಿಂದ ನೋಡುತ್ತಾರೆ: ಅದು ಕೇಳಿದ ವಿಷಯಕ್ಕೇ ಸಂಬಂಧಿಸಿರಬೇಕು, ನಿಮ್ಮದೇ ಆಗಿರಬೇಕು, ಇನ್ನೊಬ್ಬರು ನೋಡಿದರೂ ಅದನ್ನೇ ಹೇಳುವಷ್ಟು ನಂಬಲರ್ಹವಾಗಿರಬೇಕು, ಈಚಿನದಾಗಿರಬೇಕು, ಸಾಕಷ್ಟಿರಬೇಕು. ಇವುಗಳಲ್ಲಿ ನಮ್ಮವರಿಗೆ ತೊಡಕಾಗುವುದು ಎರಡನೆಯದು. ಒಂದು ಬದಲಾವಣೆಯನ್ನು ತಂಡವೇ ಮಾಡಿದಾಗ ಅದರಲ್ಲಿ ನಿಮ್ಮ ಪಾಲೆಷ್ಟು? ‘ನಾವು ಮಾಡಿದೆವು’ ಎಂದು ಬರೆಯುವುದು ನಮ್ಮ ಸಂಸ್ಕಾರ, ಅದು ಒಳ್ಳೆಯ ಸಂಸ್ಕಾರವೇ. ಆದರೆ ಅಳೆಯಲಾಗುತ್ತಿರುವುದು ನಿಮ್ಮ ನಿರ್ಣಯ. ಆದ್ದರಿಂದ ತಂಡದ ಶ್ರಮಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿ, ‘ಈ ಆಯ್ಕೆಯನ್ನು ನಾನು ಮಾಡಿದೆ, ಇಂಥ ಕಾರಣಕ್ಕೆ ಮಾಡಿದೆ’ ಎಂದು ಏಕವಚನದಲ್ಲೇ ಬರೆಯಿರಿ. ಸಾಕ್ಷಿ ಹೇಳಿಕೆ ಬೇಕಾದಾಗ ಮಾಲೀಕರ ಒಂದು ಹೊಗಳಿಕೆಯ ಪತ್ರ ಸಾಲದು. ನೀವು ಏನು ಮಾಡಿದ್ದನ್ನು ಅವರು ಕಣ್ಣಾರೆ ಕಂಡರು, ಯಾವ ದಿನ ಕಂಡರು ಎಂಬುದು ಅದರಲ್ಲಿರಬೇಕು. ಹಮಾಲರ ಮೇಸ್ತ್ರಿಯ ಮಾತು ಕೆಲವೊಮ್ಮೆ ಮಾಲೀಕರ ಮಾತಿಗಿಂತ ಬೆಲೆಯುಳ್ಳದ್ದಾಗಿರುತ್ತದೆ. ಅವರು ಕನ್ನಡದಲ್ಲಿ ಹೇಳಿದ್ದನ್ನು ಹಾಗೆಯೇ ಬರೆದು, ಓದಿ ಹೇಳಿ, ಸಹಿ ಪಡೆದು, ಅನುವಾದವನ್ನು ಜೊತೆಗಿಡಬಹುದೇ ಎಂದು ನಿಮ್ಮ ಕಲಿಕಾ ಕೇಂದ್ರದ ಮೌಲ್ಯಮಾಪಕರನ್ನು ಮೊದಲೇ ಕೇಳಿಕೊಳ್ಳಿ.

ಸಿದ್ಧಾಂತಗಳ ವಿಷಯಕ್ಕೆ ಬರುತ್ತೇನೆ. ಒಂದು ಅಸೈನ್‌ಮೆಂಟಿನಲ್ಲಿ ಆರೇಳು ಸಿದ್ಧಾಂತಗಳನ್ನು ಹೆಸರಿಸುವುದಕ್ಕಿಂತ ಎರಡನ್ನು ನಿಮ್ಮ ಕೆಲಸದ ಮೇಲೆ ಉಜ್ಜಿ ನೋಡುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ, ತಂಡವೊಂದು ಕೂಡಿಕೊಳ್ಳುವ, ತಿಕ್ಕಾಡುವ, ಕಟ್ಟಳೆಗೆ ಒಗ್ಗಿಕೊಳ್ಳುವ, ಆಮೇಲೆ ಚೆನ್ನಾಗಿ ಕೆಲಸ ಮಾಡುವ ನಾಲ್ಕು ಹಂತಗಳನ್ನು ಗುರುತಿಸಿದರು. 1977ರಲ್ಲಿ ತಂಡ ಚದುರುವ ಐದನೆಯ ಹಂತವೂ ಸೇರಿತು. ಇದನ್ನು ಹಮಾಲರ ತಂಡಕ್ಕೆ ಹಾಗೆಯೇ ಅಂಟಿಸಿ ‘ನಮ್ಮ ತಂಡವೂ ಮೊದಲು ಕೂಡಿಕೊಂಡಿತು’ ಎಂದು ಬರೆದರೆ ಅದು ವಾಸ್ತವಕ್ಕೆ ದೂರ. ಒಂದೇ ಊರಿನಿಂದ, ತಮ್ಮದೇ ಮೇಸ್ತ್ರಿಯೊಂದಿಗೆ ಬರುವ ಹಮಾಲರು ಗೋದಾಮಿಗೆ ಬರುವ ಮೊದಲೇ ಒಂದು ತಂಡವಾಗಿರುತ್ತಾರೆ. ತಿಕ್ಕಾಟ ನಡೆಯುವುದು ಅವರಿಗೂ ಗೋದಾಮಿನ ಗುಮಾಸ್ತರಿಗೂ ನಡುವೆ. ಆದ್ದರಿಂದ ಈ ಸಿದ್ಧಾಂತ ಇಲ್ಲಿ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನೀವು ಬರೆದರೆ, ಮೌಲ್ಯಮಾಪನ ಮಾಡಿ ಎಂದು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಾಗೆಯೇ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ವಿಚಾರದಂತೆ ಸಂಬಳ ಕಡಿಮೆಯಾದರೆ ಅತೃಪ್ತಿ ಹುಟ್ಟುತ್ತದೆ, ಆದರೆ ನಿಜವಾದ ಪ್ರೇರಣೆ ಸಾಧನೆಯಿಂದ, ಮನ್ನಣೆಯಿಂದ ಬರುತ್ತದೆ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಸರದಿ ನಿಂತ ಪ್ರತಿ ಗಂಟೆಯೂ ನಷ್ಟವೇ. ಅವನ ಮುಂದೆ ಮನ್ನಣೆಯ ಮಾತಾಡುವ ಮೊದಲು ಅವನ ಕೂಲಿ ನಿಲ್ಲದಂತೆ ನೋಡಿಕೊಳ್ಳಬೇಕು. ದಿನವೂ ಇದನ್ನು ಕಣ್ಣೆದುರು ನೋಡುವ ನಿಮ್ಮಷ್ಟು ಖಚಿತವಾಗಿ ಇದನ್ನು ಬರೆಯಬಲ್ಲವರು ಇನ್ನಾರು?

ಪರಿಹಾರದ ಭಾಗದಲ್ಲಿ ಒಂದೇ ಪರಿಹಾರವನ್ನು ಕೊಡಬೇಡಿ, ಎರಡು ಮೂರನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ. ಹೊಸ ಮಾಪಕ ಕೊಳ್ಳುವುದು, ಇನ್ನೊಬ್ಬ ಹುಡುಗನನ್ನು ಮೇಜಿಗೆ ಹಾಕುವುದು, ಇಲ್ಲವೆ ಚೀಲದ ಮೇಲೆ, ನಡುವೆ, ತಳದಲ್ಲಿ ಚುಚ್ಚಿ ರೈತನ ಎದುರಿಗೇ ಮಾದರಿ ತೆಗೆದು, ಅಂಕಿಯನ್ನು ಅವನಿಗೆ ತೋರಿಸಿ ಚೀಟಿಯಲ್ಲಿ ಬರೆದು ಕೊಡುವ ಕ್ರಮವನ್ನು ಗೋಡೆಗೆ ಹಚ್ಚಿ ಜಾರಿಗೆ ತರುವುದು. ಖರ್ಚೆಷ್ಟು, ಯಾರ ಅನುಮತಿ ಬೇಕು, ಎಷ್ಟು ದಿನದಲ್ಲಿ ಆಗುತ್ತದೆ, ರೈತನ ನಂಬಿಕೆ ಯಾವುದರಿಂದ ಹೆಚ್ಚುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮೂರಕ್ಕೂ ಕೇಳಿ. ಆಮೇಲೆ ಯಾರು, ಯಾವಾಗ, ಏನು ಮಾಡುತ್ತಾರೆ ಎಂಬ ಕಾರ್ಯಯೋಜನೆ, ಫಲ ಸಿಕ್ಕಿತೋ ಇಲ್ಲವೋ ಎಂದು ನೋಡಲು ಅದೇ ಗೇಟ್ ರಿಜಿಸ್ಟರ್.

ಗೋಪ್ಯತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜನರ ಹೆಸರು, ಫೋನ್ ನಂಬರು, ರೋಗಿಯ ಕೇಸ್ ಶೀಟು, ಗ್ರಾಹಕರ ದರ ಇವು ಬರಹದಲ್ಲಿ ಬರಬಾರದು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಕಾನೂನು ಮಾಡಿದೆ, ಬ್ರಿಟನ್ನಿನಲ್ಲೂ ಇದರ ನಿಯಮಗಳು ಬಿಗಿಯಾಗಿವೆ. ಆಸ್ಪತ್ರೆಯಿಂದ ಬಂದಿರುವ ಸಿಸ್ಟರುಗಳಿಗೆ ಒಂದು ಮಾತು: ಹೆಸರು ಅಳಿಸಿದರೂ ವಾರ್ಡು, ದಿನಾಂಕ, ಕಾಯಿಲೆ ಮೂರೂ ಒಟ್ಟಿಗಿದ್ದರೆ ಈ ಊರಿನಲ್ಲಿ ರೋಗಿ ಯಾರೆಂದು ಗುರುತು ಹಿಡಿಯುವುದು ಕಷ್ಟವಲ್ಲ. ಆ ಮೂರನ್ನೂ ಒಂದೇ ಕಡೆ ಇಡಬೇಡಿ.

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಒಳ್ಳೆಯ ಮೇಲ್ವಿಚಾರಕರು ಹಿಂದೆ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಬ್ರಿಟಿಷ್ ಅರ್ಹತೆಯ ಬರಹವನ್ನು ಇಂಗ್ಲಿಷಿನಲ್ಲಿ ಒಪ್ಪಿಸಬೇಕಾಗಿ ಬರುತ್ತದೆ. ಆದರೆ ಅದನ್ನು ಇಂಗ್ಲಿಷಿನಲ್ಲೇ ಯೋಚಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಕುಳಿತವರು ತಮಗೆ ಗೊತ್ತಿರುವ ವಾಕ್ಯಗಳಿಗೆ ತಕ್ಕಂತೆ ತಮ್ಮ ಅನುಭವವನ್ನು ಕತ್ತರಿಸುತ್ತಾರೆ, ಹಾಗಾಗಿ ಗೋದಾಮಿನ ಜಗಳ ‘ಸಂವಹನದ ಕೊರತೆ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಮೊದಲು ನಡೆದದ್ದನ್ನು ಕನ್ನಡದಲ್ಲಿ, ಮನೆಯವರಿಗೆ ಹೇಳುವಂತೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರು ಏನೆಂದರು, ನೀವು ಏನು ಯೋಚಿಸಿದಿರಿ, ಯಾಕೆ ಹಾಗೆ ಮಾಡಿದಿರಿ ಎಂಬುದೆಲ್ಲ ಅಲ್ಲಿ ತಾನಾಗಿ ಬರುತ್ತದೆ. ಅದನ್ನು ಕನ್ನಡದಲ್ಲೇ ಬರೆದುಕೊಂಡು, ಮಾನದಂಡಗಳ ಪ್ರಕಾರ ವಿಂಗಡಿಸಿ, ಕೊನೆಯಲ್ಲಿ ಚಿಕ್ಕಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ತನ್ನಿ. ಇಲ್ಲಿ ಅಳೆಯುವುದು ನಿಮ್ಮ ನಿರ್ವಹಣೆಯನ್ನು. ವಾಕ್ಯ ಸರಳವಾಗಿದ್ದು ವಿಷಯ ಸ್ಪಷ್ಟವಾಗಿದ್ದರೆ ಸಾಕು. ಚಿಂತನಾತ್ಮಕ ಬರಹವನ್ನು ಕೇಳಿದಾಗಲೂ ಇದೇ ದಾರಿ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ ಅನುಭವ, ಅದನ್ನು ಹಿಂತಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆ ಕಟ್ಟಿಕೊಳ್ಳುವುದು, ಮತ್ತೆ ಪ್ರಯೋಗಿಸುವುದು ಎಂಬ ನಾಲ್ಕು ಹೆಜ್ಜೆಗಳಿವೆ. ನಮ್ಮ ಬರಹಗಳು ಮೊದಲ ಹೆಜ್ಜೆಯಲ್ಲೇ ತುಂಬಿಹೋಗಿ, ಉಳಿದ ಮೂರಕ್ಕೆ ಅರ್ಧ ಪುಟವೂ ಸಿಗುವುದಿಲ್ಲ. ನಡೆದದ್ದಕ್ಕೆ ಒಂದು ಪಾಲು ಕೊಟ್ಟರೆ ಅದರಿಂದ ನೀವು ಕಂಡುಕೊಂಡದ್ದಕ್ಕೆ ಎರಡು ಪಾಲು ಕೊಡಿ.

ಸಿದ್ಧ ಅಸೈನ್‌ಮೆಂಟುಗಳ ಬಗ್ಗೆ ಮಾತನಾಡದೆ ಇರಲಾರೆ. ದುಡ್ಡು ಕೊಟ್ಟರೆ ಬರೆದುಕೊಡುವವರಿದ್ದಾರೆ, ಈಗ ಕಂಪ್ಯೂಟರಿಗೆ ಪ್ರಶ್ನೆ ಹಾಕಿದರೆ ಅದೂ ಪುಟಗಟ್ಟಲೆ ಬರೆದುಕೊಡುತ್ತದೆ. ಬರಹದ ಜೊತೆಗೆ ‘ಇದು ನನ್ನ ಸ್ವಂತ ಕೆಲಸ’ ಎಂಬ ಘೋಷಣೆಗೆ ನೀವು ಸಹಿ ಹಾಕುತ್ತೀರಿ; ಅದು ಸುಳ್ಳಾದರೆ ಅರ್ಹತೆಯೇ ರದ್ದಾಗಬಹುದು. ಆದರೆ ನನಗೆ ಸಂಕಟವಾಗುವುದು ಶಿಕ್ಷೆಯ ಭಯದಿಂದಲ್ಲ. ಮೂವತ್ತು ಜನರ ಪಾಳಿಯನ್ನು ದಿನವೂ ನಿಭಾಯಿಸುವ ಹೆಣ್ಣುಮಗಳೊಬ್ಬಳು, ತನ್ನ ಅನುಭವ ಬರೆಯಲು ಯೋಗ್ಯವಲ್ಲವೆಂದು ಭಾವಿಸಿ, ಪಾಳಿಯನ್ನು ಕಣ್ಣಿನಿಂದಲೂ ಕಾಣದ ಯಾರೋ ಬರೆದ ಪುಟಗಳನ್ನು ಒಪ್ಪಿಸುವುದನ್ನು ನೋಡಿದಾಗ ಮನಸ್ಸು ಕಲಕುತ್ತದೆ. ವ್ಯಾಕರಣ ತಿದ್ದಲು ಯಾವ ಸಹಾಯಕ್ಕೆ ಅವಕಾಶವಿದೆ ಎಂಬುದನ್ನು ನಿಮ್ಮ ಕೇಂದ್ರದ ನಿಯಮದಲ್ಲಿ ನೋಡಿ, ಪಡೆದ ಸಹಾಯವನ್ನು ಬರಹದಲ್ಲೇ ತಿಳಿಸಿ.

ಕೊನೆಯದಾಗಿ ವೇಳೆಯ ವಿಚಾರ. 13 ಕ್ರೆಡಿಟ್ಟಿನ ಒಂದು ಸರ್ಟಿಫಿಕೇಟಿಗೆ ಸುಮಾರು 130 ಗಂಟೆಗಳ ಕಲಿಕೆ ಎಂದಾಗುತ್ತದೆ. ಇದು ಸುಗ್ಗಿಯ ನಡುವೆ, ರಾತ್ರಿ ಪಾಳಿಯ ನಡುವೆ ತಾನಾಗಿ ಸಿಗುವ ಹೊತ್ತಲ್ಲ. ಮಾಲೀಕರೊಂದಿಗೆ ಮೊದಲೇ ಮಾತನಾಡಿ, ನಿಮ್ಮ ಅಸೈನ್‌ಮೆಂಟಿನಿಂದ ಅವರ ಸಂಸ್ಥೆಗೆ ಬರುವ ಲಾಭವನ್ನು ಹೇಳಿ, ವಾರಕ್ಕೆ ಒಂದೆರಡು ಗಂಟೆ ಕೇಳಿಕೊಳ್ಳಿ. ರಿಜಿಸ್ಟರುಗಳನ್ನು ಬಳಸಲು ಬರವಣಿಗೆಯಲ್ಲೇ ಅನುಮತಿ ಪಡೆಯಿರಿ. ಬರಹ ಮರುಸಲ್ಲಿಕೆಗೆ ಬಂದರೆ ಎದೆಗುಂದಬೇಡಿ, ಯಾವ ಮಾನದಂಡ ಉಳಿದಿದೆ ಎಂದು ಮೌಲ್ಯಮಾಪಕರು ಗುರುತಿಸಿರುತ್ತಾರೆ, ಅಷ್ಟನ್ನೇ ತುಂಬಿ ಕಳುಹಿಸಿದರೆ ಸಾಕು. ಮತ್ತು ಘಟಕಗಳನ್ನು ನಿಮ್ಮ ಕೆಲಸದ ಋತುವಿಗೆ ಹೊಂದಿಸಿಕೊಳ್ಳಿ. ಗೋದಾಮಿನವರು ಸಮಸ್ಯೆ ಬಿಡಿಸುವ ಘಟಕದ ಕರಡನ್ನು ಆಗಸ್ಟಿನಲ್ಲೇ ತಯಾರಿಸಿಟ್ಟುಕೊಂಡರೆ, ಮುಂಗಾರಿನ ಮೆಕ್ಕೆಜೋಳ ಪೇಟೆಗೆ ಬಂದ ಮೊದಲ ವಾರದಲ್ಲಿ ಹಳೆಯ ಕ್ರಮದ ಅಂಕಿಗಳನ್ನೂ, ಅದರ ಮುಂದಿನ ವಾರಗಳಲ್ಲಿ ಹೊಸ ಕ್ರಮದ ಅಂಕಿಗಳನ್ನೂ ಬರೆದುಕೊಂಡು, ಎರಡನ್ನೂ ಒಂದೇ ಬರಹದಲ್ಲಿ ಒಪ್ಪಿಸಬಹುದು.